ಕಾಫಿ ತೋಟದಲ್ಲಿ ಓಡಾಡುವವರು ಕಣ್ಣಿಗೆ ಲೇಸರ್ ಮಾಡಿಸುವುದಾದರೆ

ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ ತೆಗೆದುಕೊಳ್ಳುವುದು, ಆಳುಗಳನ್ನು ಕೆಲಸಕ್ಕೆ ಹಂಚುವುದು, ಹಗಲೆಲ್ಲ ಗಿಡಗಳ ಸಂದಿಯಲ್ಲಿ ಓಡಾಡುವುದು, ಸಂಜೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವುದು. ಏಳನೇ ಕ್ಲಾಸಿನಿಂದ ಕನ್ನಡಕ ಹಾಕಿದವನು. ಲೇಸರ್ ಮಾಡಿಸುವ ಹೊತ್ತಿಗೆ ಬಲಗಣ್ಣು ಮೈನಸ್ ಐದೂವರೆ, ಎಡಗಣ್ಣು ಮೈನಸ್ ಐದು. ಈಗ ಕನ್ನಡಕ ಇಲ್ಲ. ಅದನ್ನು ನೋಡಿದ ಸುತ್ತಮುತ್ತಲಿನ ಹುಡುಗರು ಫೋನ್ ಮಾಡುತ್ತಲೇ ಇರುತ್ತಾರೆ. "ಅಣ್ಣಾ, ನೋವಾಗುತ್ತಾ? ಎಷ್ಟಾಯ್ತು? ಎಲ್ಲಿ ಮಾಡಿಸ್ಲಿ?" ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದಿದ್ದೇನೆ.

ಲೇಸರ್ ಬೀಳುವುದು ಒಂದು ನಿಮಿಷದ ಕೆಲಸ. ಯಾವ ವಿಧಾನ, ಯಾವ ತಿಂಗಳು, ಯಾವ ಊರು ಅಂತ ತೀರ್ಮಾನ ಮಾಡುವುದೇ ದೊಡ್ಡ ಕೆಲಸ. ಅದನ್ನು ಜಾಹೀರಾತು ನೋಡಿ ಮಾಡಬೇಡಿ. ನಿಮ್ಮ ಕಾರ್ನಿಯಾ (ಕಪ್ಪು ಗುಡ್ಡೆಯ ಮುಂದಿನ ಪಾರದರ್ಶಕ ಪದರ) ಎಷ್ಟು ದಪ್ಪ ಇದೆ, ದಿನಾ ಏನು ಕೆಲಸ ಮಾಡುತ್ತೀರಿ, ಅದನ್ನು ನೋಡಿ ಮಾಡಿ.

ಮೊದಲು, ಬೇಕಾ ಬೇಡ್ವಾ?

ಕನ್ನಡಕ ಹಾಕುವುದು ಕಾಯಿಲೆ ಅಲ್ಲ. ಮೈನಸ್ ಒಂದೋ ಒಂದೂವರೆಯೋ ಇದ್ದು, ಕೂತು ಕೆಲಸ ಮಾಡುವವರು ಸುಮ್ನೆ ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ ಇದಕ್ಕೆ ಹೋಗುವುದು ಬೇಡ ಅನ್ನುವವನು ನಾನು. ನನ್ನ ಕಷ್ಟವೇ ಬೇರೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ. ಕನ್ನಡಕದ ಹೊರಗೆ ಹನಿ, ಒಳಗೆ ಹಬೆ. ಒರೆಸಿಕೊಳ್ಳೋಣ ಅಂದರೆ ಮೈಮೇಲೆ ಒಂದು ಒಣ ಬಟ್ಟೆ ಇರುವುದಿಲ್ಲ. ತೆಗೆದು ಜೇಬಿಗೆ ಹಾಕಿಕೊಂಡರೆ ಗಿಡದ ಮರೆಯಲ್ಲಿ ಕಪ್ಪಗೆ ನಿಂತಿರುವುದು ಬಂಡೆಯೋ ಆನೆಯೋ ತಿಳಿಯುವುದಿಲ್ಲ. ನಮ್ಮ ಕಡೆ ಇದು ತಮಾಷೆಯ ಮಾತಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಬಹುದಿತ್ತು. ಆದರೆ ಮಣ್ಣು, ಗೊಬ್ಬರ ಮುಟ್ಟಿದ ಕೈ, ಮೇಲಿಂದ ಕೆರೆಯ ನೀರು. ಅದೇ ಕೈಯಲ್ಲಿ ಲೆನ್ಸ್ ಮುಟ್ಟಿದರೆ ಕಣ್ಣಿಗೆ ಕೆಟ್ಟ ಸೋಂಕು ತಗಲಬಹುದು.

ಹದಿನೆಂಟು ತುಂಬಿರಬೇಕು. ಅದಕ್ಕಿಂತ ಮುಖ್ಯ, ಕಳೆದ ಒಂದು ವರ್ಷದಲ್ಲಿ ಪವರ್ ನಿಂತಿರಬೇಕು. ಅರ್ಧಕ್ಕಿಂತ ಜಾಸ್ತಿ ಬದಲಾಗಿದ್ದರೆ ಕಾಯಬೇಕು. ಹಳೆಯ ಕನ್ನಡಕದ ಚೀಟಿಗಳನ್ನು ಹುಡುಕಿ ಜೊತೆಗೆ ತೆಗೆದುಕೊಂಡು ಹೋಗಿ. ಬಾಯಿಮಾತಿಗಿಂತ ಚೀಟಿ ವಾಸಿ. ಬಸುರಿಯರು, ಹಾಲೂಡಿಸುವ ತಾಯಂದಿರು ಈಗ ಬೇಡ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ರುಮಟಾಯ್ಡ್ ಸಂಧಿವಾತ ಇದ್ದರೆ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಿನ್ನುತ್ತಿದ್ದರೆ ಡಾಕ್ಟರ್ ಕೇಳುವ ಮೊದಲೇ ಹೇಳಿಬಿಡಿ.

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ನಮ್ಮ ಸಾಹುಕಾರರು ನನ್ನನ್ನು ನೋಡಿ, "ನಾನೂ ಮಾಡಿಸಿಬಿಡ್ಲಾ ಮಾರಾಯ?" ಅಂದರು. ಅವರಿಗೆ ದೂರದ ಪವರ್ ಮೈನಸ್ ಎರಡು. ಕನ್ನಡಕ ತೆಗೆದು ಪೇಪರ್ ಓದುತ್ತಾರೆ. ಲೇಸರ್ ಮಾಡಿಸಿದರೆ ದೂರದ್ದು ಸರಿಹೋಗುತ್ತದೆ, ಪೇಪರ್ ಓದಲು ಚಾಳೀಸು ಬೇಕಾಗುತ್ತದೆ. ವಯಸ್ಸಾದಂತೆ ಕಣ್ಣೊಳಗಿನ ಲೆನ್ಸ್ ಬಿರುಸಾಗಿ ಹತ್ತಿರದ್ದು ಮಸುಕಾಗುವುದನ್ನು ಈ ಲೇಸರ್ ತಡೆಯುವುದಿಲ್ಲ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಕ್ರಮ ಇದೆ. ಎಲ್ಲರಿಗೂ ಅದು ಒಗ್ಗುವುದಿಲ್ಲ. ಸಾಹುಕಾರರು ಲೆಕ್ಕ ಹಾಕಿ ಸುಮ್ಮನಾದರು.

ಪರೀಕ್ಷೆಯ ದಿನ

ಲೆನ್ಸ್ ಹಾಕುವವರು ಪರೀಕ್ಷೆಗೆ ಒಂದೆರಡು ವಾರ ಮೊದಲೇ ನಿಲ್ಲಿಸಬೇಕು. ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ ದಿನ. ಲೆನ್ಸ್ ಒತ್ತಿ ಕಾರ್ನಿಯಾದ ಆಕಾರ ಬದಲಾಗಿರುತ್ತದೆ, ಅಳತೆ ತಪ್ಪುತ್ತದೆ.

ಪರೀಕ್ಷೆಗೆ ಅರ್ಧ ದಿನ ಇಟ್ಟುಕೊಳ್ಳಿ. ಕಾರ್ನಿಯಾದ ಏರುತಗ್ಗಿನ ನಕ್ಷೆ ತೆಗೆಯುತ್ತಾರೆ. ದಪ್ಪ ಅಳೆಯುತ್ತಾರೆ. ಕೆಳರೆಪ್ಪೆಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಕಣ್ಣೀರು ಬರುತ್ತದೆ ಅಂತ ನೋಡುತ್ತಾರೆ. ಕೊನೆಗೆ ಔಷಧಿ ಹಾಕಿ ಪಾಪೆ ದೊಡ್ಡದು ಮಾಡಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ನೋಡುತ್ತಾರೆ. ಆಮೇಲೆ ಕೆಲವು ಗಂಟೆ ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಕಾಣುವುದಿಲ್ಲ. ಅವತ್ತು ಗಾಡಿ ಓಡಿಸಬೇಡಿ.

ರೆಟಿನಾ ಪರೀಕ್ಷೆ ಇಲ್ಲದೆ ಮುಂದೆ ಹೋಗೋಣ ಅನ್ನುವ ಜಾಗದಿಂದ ಎದ್ದು ಬನ್ನಿ. ಮೈನಸ್ ಜಾಸ್ತಿ ಇರುವ ಕಣ್ಣು ಉದ್ದ ಇರುತ್ತದೆ, ರೆಟಿನಾದ ಅಂಚು ತೆಳುವಾಗಿರಬಹುದು, ಸಣ್ಣ ತೂತುಗಳೂ ಇರಬಹುದು. ಇದ್ದರೆ ಅದಕ್ಕೆ ಬೇರೆ ಲೇಸರ್ ಹಾಕಿ ಭದ್ರ ಮಾಡಿ, ಆಮೇಲೆ ಪವರ್‌ನ ಮಾತು.

ಬಾಳೆಹೊನ್ನೂರಿನ ನನ್ನ ಸ್ನೇಹಿತನಿಗೆ ಲೇಸರ್ ಮಾಡಲಾಗದು ಅಂತ ಡಾಕ್ಟರ್ ವಾಪಸ್ ಕಳಿಸಿದರು. ಅವನಿಗೆ ಧೂಳಿನ ಅಲರ್ಜಿ, ಚಿಕ್ಕಂದಿನಿಂದ ಕಣ್ಣು ಉಜ್ಜುವ ಚಾಳಿ. ನಕ್ಷೆಯಲ್ಲಿ ಕಾರ್ನಿಯಾ ಕೆಳಗಡೆ ಉಬ್ಬಿದ್ದು ಕಂಡಿತು. ಕೆರಟೊಕೋನಸ್ ಅನ್ನುತ್ತಾರೆ. ಅಂಥ ಕಣ್ಣಿಗೆ ಲೇಸಿಕ್ (ಲೇಸರಿನ ಒಂದು ವಿಧಾನ, ಮುಂದೆ ಹೇಳುತ್ತೇನೆ) ಮಾಡಿದರೆ ಕಾರ್ನಿಯಾ ಇನ್ನಷ್ಟು ಉಬ್ಬಿ ದೃಷ್ಟಿಯೇ ಹಾಳಾಗಬಹುದು. ಬೇರೆ ಕಡೆ ಹೋಗಿ ಕೇಳ್ತೀನಿ ಅಂತ ಅವನು ಹಟ ಹಿಡಿದಿದ್ದ. ಎರಡನೇ ಡಾಕ್ಟರ್ ಕೂಡ ಅದೇ ಹೇಳಿ, ಉಬ್ಬು ಮುಂದುವರಿಯದಂತೆ ವಿಟಮಿನ್ ಹನಿ ಹಾಕಿ ಅತಿನೇರಳೆ ಬೆಳಕು ಬಿಡುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಮಾಡಿದರು. ಎರಡನೇ ಅಭಿಪ್ರಾಯ ಕೇಳುವುದು ತಪ್ಪಲ್ಲ. ಹೂಂ ಅನ್ನುವವರು ಸಿಗುವ ತನಕ ಕೇಳುತ್ತಾ ಹೋಗುವುದು ತಪ್ಪು.

ಯಾವ ವಿಧಾನ? ಒಂದು ಸಣ್ಣ ಕೂಡು ಕಳೆ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನ ಓದಿ. ಕಾರ್ನಿಯಾದ ದಪ್ಪ ಸರಾಸರಿ 540 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ನನ್ನದು 505, ತೆಳು. ಒಂದು ಪವರ್ ಕಳೆಯಲು ಸುಮಾರು 12ರಿಂದ 16 ಮೈಕ್ರಾನ್ ಕಾರ್ನಿಯಾ ಸವೆಸಬೇಕು. ಐದೂವರೆಗೆ 80 ಅಂತ ಇಟ್ಟುಕೊಳ್ಳಿ.

ಲೇಸಿಕ್‌ನಲ್ಲಿ ಮೊದಲು ಕಾರ್ನಿಯಾದ ಮೇಲಿನಿಂದ 100, 110 ಮೈಕ್ರಾನಿನ ಒಂದು ಪದರವನ್ನು ಕೊಯ್ದು, ಒಂದು ಬದಿ ಅಂಟಿರುವಂತೆಯೇ ಮಡಚಿಡುತ್ತಾರೆ. ಇದಕ್ಕೆ ಫ್ಲಾಪ್ ಅನ್ನುತ್ತಾರೆ. ಕೆಳಗೆ ಲೇಸರ್ ಬಿಟ್ಟು, ಫ್ಲಾಪನ್ನು ವಾಪಸ್ ಮುಚ್ಚುತ್ತಾರೆ. ಮಾರನೇ ದಿನವೇ ಚೆನ್ನಾಗಿ ಕಾಣುತ್ತದೆ, ನೋವು ಕಮ್ಮಿ. ಆದರೆ ಆ ಫ್ಲಾಪ್ ಕಣ್ಣಿನ ಬಲಕ್ಕೆ ಮೊದಲಿನಷ್ಟು ಸೇರುವುದಿಲ್ಲ. 505ರಲ್ಲಿ 110 ಕಳೆದು, 80 ಕಳೆದರೆ ನನಗೆ ಉಳಿಯುವುದು 315. ಕೆಳಗೆ 250 ಆದರೂ ಉಳಿಯಬೇಕು ಎಂಬುದು ಹಳೆಯ ನಿಯಮ. ಈಗ ಅನೇಕ ಡಾಕ್ಟರು 300 ಬೇಕು ಅನ್ನುತ್ತಾರೆ. ಅಂದರೆ ಅಂಚಿನಲ್ಲಿ ಇದ್ದೆ.

ಪಿಆರ್‌ಕೆ ಇದಕ್ಕಿಂತ ಹಳೆಯದು. ಫ್ಲಾಪ್ ಇಲ್ಲ. ಕಾರ್ನಿಯಾದ ಮೇಲ್ಚರ್ಮವನ್ನು ಮಾತ್ರ ಒರೆಸಿ ತೆಗೆದು ಲೇಸರ್ ಬಿಡುತ್ತಾರೆ. ಆ ಚರ್ಮ ಕೆಲವೇ ದಿನಗಳಲ್ಲಿ ಮತ್ತೆ ಬೆಳೆಯುತ್ತದೆ. ನನ್ನ ಲೆಕ್ಕದಲ್ಲಿ 505ರಲ್ಲಿ 80 ಹೋಗಿ 425 ಉಳಿಯುತ್ತದೆ. ಅದರ ಬದಲಿಗೆ ನೋವು ಜಾಸ್ತಿ, ಕಣ್ಣು ತಿಳಿಯಾಗಲು ವಾರಗಳು ಬೇಕು.

ಸ್ಮೈಲ್ ಅನ್ನುವ ಮೂರನೆಯದರಲ್ಲಿ ಕಾರ್ನಿಯಾದ ಒಳಗೇ ಲೇಸರಿನಿಂದ ಒಂದು ತೆಳು ಬಿಲ್ಲೆ ಬಿಡಿಸಿ, ಎರಡರಿಂದ ನಾಲ್ಕು ಮಿಲಿಮೀಟರಿನ ಸಣ್ಣ ಗಾಯದಿಂದ ಹೊರಗೆ ತೆಗೆಯುತ್ತಾರೆ. ಫ್ಲಾಪ್ ಇಲ್ಲ, ನೋವೂ ಕಮ್ಮಿ. ಬೆಲೆ ಜಾಸ್ತಿ. ಪವರ್ ತೀರಾ ಜಾಸ್ತಿ ಇದ್ದರೆ ಅಥವಾ ಕಾರ್ನಿಯಾ ತೀರಾ ತೆಳುವಾಗಿದ್ದರೆ ಕಣ್ಣೊಳಗೆ ಲೆನ್ಸ್ ಇಡುವ ಐಸಿಎಲ್ ಇದೆ. ಅದು ಲೇಸರ್ ಅಲ್ಲ.

ಡಾಕ್ಟರ್ "ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರು. ಮರಗಸಿ (ನೆರಳಿನ ಮರದ ರೆಂಬೆ ಕಡಿಯುವ) ಕಾಲದಲ್ಲಿ ಮೇಲಿಂದ ಉದುರುವ ಪುಡಿ, ರೆಂಬೆ, ನುಗ್ಗುವಾಗ ಮುಖಕ್ಕೆ ಹೊಡೆಯುವ ಕಾಫಿ ಗಿಡದ ಕಡ್ಡಿ, ಎಲ್ಲ ಹೇಳಿದೆ. ಲೇಸಿಕ್ ಫ್ಲಾಪ್ ವರ್ಷಗಳು ಕಳೆದ ಮೇಲೂ ಜೋರಾಗಿ ಏಟು ಬಿದ್ದರೆ ಸರಿಯಬಹುದು, ನಿಮಗೆ ಪಿಆರ್‌ಕೆ ಸರಿ ಅಂದರು. ಆಟದಲ್ಲಿ ಮೈಕೈ ತಾಗಿಸಿಕೊಳ್ಳುವವರಿಗೂ ಇದೇ ಮಾತು. ನಿಮ್ಮ ಡಾಕ್ಟರ್ ಈ ಪ್ರಶ್ನೆ ಕೇಳದಿದ್ದರೆ ನೀವೇ ಹೇಳಿ. ನಿಮ್ಮ ಕಾರ್ನಿಯಾ ಎಷ್ಟು, ಎಷ್ಟು ಸವೆಯುತ್ತದೆ, ಎಷ್ಟು ಉಳಿಯುತ್ತದೆ, ಈ ಮೂರು ಅಂಕಿಗಳನ್ನು ಬರೆಸಿಕೊಳ್ಳಿ.

ಯಾವ ತಿಂಗಳು, ಯಾವ ಊರು

ಮಳೆಗಾಲದಲ್ಲಿ ಕಣ್ಣಿನ ಆಪರೇಷನ್ ಬೇಡ ಅಂತ ನಮ್ಮತ್ತೆ. ಆಷಾಢ ಬೇರೆ ಅಂತ ಅಮ್ಮ. ನಾನು ಬೇಕಂತಲೇ ಆಷಾಢವನ್ನೇ ಹಿಡಿದೆ. ನವೆಂಬರ್‌ನಿಂದ ಹಣ್ಣು ಕೊಯ್ಲು, ಕಣದ ಧೂಳು, ಒಂದು ದಿನ ರಜೆ ಸಿಗುವುದಿಲ್ಲ. ಅದರ ಹಿಂದೆಯೇ ಮೆಣಸು. ಏಪ್ರಿಲ್, ಮೇನಲ್ಲಿ ಬಿಸಿಲು. ಪಿಆರ್‌ಕೆ ಆದ ಕಣ್ಣಿಗೆ ಬಿಸಿಲಿನ ಅತಿನೇರಳೆ ಕಿರಣ ಒಳ್ಳೆಯದಲ್ಲ, ಕಾರ್ನಿಯಾದಲ್ಲಿ ಮಸುಕು ಕಟ್ಟಬಹುದು. ಮಳೆ ಶುರುವಾಗುವ ಮೊದಲು, ನಿಂತ ಮೇಲೆ ಗಿಡಕ್ಕೆ ರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ. ಮೈಲುತುತ್ತ, ಸುಣ್ಣ ಎರಡೂ ಇರುವ ನೀರು. ಸುಣ್ಣ ಆರೋಗ್ಯದ ಕಣ್ಣನ್ನೇ ಸುಡುತ್ತದೆ, ಹಸಿ ಕಣ್ಣಿಗೆ ಬಿದ್ದರೆ ಕೇಳಬೇಡಿ. ಉಳಿದದ್ದು ಜುಲೈ. ಸೂರ್ಯ ಕಾಣುವುದಿಲ್ಲ, ಗಾಳಿಯಲ್ಲಿ ತೇವ ಇರುವುದರಿಂದ ಕಣ್ಣು ಒಣಗುವುದು ಕಮ್ಮಿ, ಮದುವೆ ಮುಂಜಿಯ ಕಾಟವೂ ಇಲ್ಲ. ಮಳೆಗಾಲದ ಒಂದೇ ತೊಂದರೆ ಮದ್ರಾಸ್ ಐ. ಮನೆಯಲ್ಲಿ ಯಾರಿಗಾದರೂ ಕಣ್ಣು ಬಂದಿದ್ದರೆ ದಿನ ಮುಂದಕ್ಕೆ ಹಾಕಿ.

ಊರಿನ ವಿಷಯ. ನಮಗೆ ಮಂಗಳೂರು ಹತ್ತಿರ. ಆದರೆ ಜೋರು ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ದಾರಿ ಬಂದ್. ಮರುಪರೀಕ್ಷೆ ತಪ್ಪಿಸುವಂತಿಲ್ಲ. ಬೇಲೂರು, ಹಾಸನದ ಮೇಲೆ ಬೆಂಗಳೂರಿಗೆ ಹೋಗಲು ಘಾಟಿ ಇಲ್ಲ. ಮೇಲಾಗಿ ಅಲ್ಲಿ ಚಿಕ್ಕಮ್ಮನ ಮನೆ ಇದೆ. ಪಿಆರ್‌ಕೆ ಆದರೆ ಬ್ಯಾಂಡೇಜ್ ಲೆನ್ಸ್ (ಗಾಯ ಮಾಯುವವರೆಗೆ ಕಣ್ಣಿನ ಮೇಲೆ ಇಡುವ ಲೆನ್ಸ್) ತೆಗೆಯುವವರೆಗೂ ಆಸ್ಪತ್ರೆಯ ಊರಿನಲ್ಲೇ ಇರಿ. ಕಣ್ಣು ಬಿಡಲಾಗದೆ ಬಸ್ಸಿನಲ್ಲಿ ಆರೇಳು ಗಂಟೆ ಕೂರುವುದು ಯಾರಿಗೂ ಬೇಡ. ಯಾರ ಮನೆಯಲ್ಲಿ ನಿಮಗೆ ಕತ್ತಲೆ ಕೋಣೆ, ಹೊತ್ತಿಗೆ ಸರಿಯಾಗಿ ಡ್ರಾಪ್ಸ್ ಹಾಕುವ ಕೈ ಸಿಗುತ್ತದೋ ಆ ಊರು ಆರಿಸಿ.

ದುಡ್ಡು

ನನಗೆ ಎರಡು ಕಣ್ಣಿಗೂ ಸೇರಿ 40,000 ರೂಪಾಯಿ ಆಸುಪಾಸು ಆಯಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ, ವಿಧಾನದಿಂದ ವಿಧಾನಕ್ಕೆ ಬೆಲೆ ಬೇರೆ. ಹೇಳುವ ಬೆಲೆ ಒಂದು ಕಣ್ಣಿಗೋ ಎರಡಕ್ಕೋ, ಪರೀಕ್ಷೆ, ಡ್ರಾಪ್ಸ್, ಮರುಪರೀಕ್ಷೆ ಅದರಲ್ಲಿ ಸೇರಿದೆಯೋ, ಪವರ್ ಸ್ವಲ್ಪ ಉಳಿದು ಮತ್ತೆ ಮಾಡಬೇಕಾದರೆ ಮತ್ತೆ ದುಡ್ಡಾ ಅಂತ ಕೇಳಿ. ಮೊದಲು ಹೋದ ಒಂದು ಕಡೆ ಕೌನ್ಸೆಲರ್ ಹುಡುಗಿ "ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್ ಸರ್" ಅಂತ ಬೆನ್ನು ಹತ್ತಿದಳು. ಪಾಪೆ ದೊಡ್ಡದಾಗಿ ಅವಳ ಮುಖವೇ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ, ಬಿಲ್ ಹೇಗೆ ಓದಲಿ? ಅವತ್ತು ಏನಕ್ಕೂ ಸಹಿ ಹಾಕಬೇಡಿ.

ಇನ್ಶೂರೆನ್ಸ್ ನೆಚ್ಚಿಕೊಳ್ಳಬೇಡಿ. ನಮ್ಮ ದೇಶದ ಆರೋಗ್ಯ ವಿಮೆಯ ನಿಯಮದಲ್ಲಿ 7.5ಕ್ಕಿಂತ ಕಮ್ಮಿ ಪವರ್ ತೆಗೆಸುವ ಖರ್ಚನ್ನು ಹೊರಗಿಟ್ಟಿದ್ದಾರೆ. ಅದಕ್ಕಿಂತ ಜಾಸ್ತಿ ಇರುವವರು ಪಾಲಿಸಿ ತೆಗೆದು ಓದಿ, ಮೊದಲೇ ಒಪ್ಪಿಗೆ ಪಡೆಯಿರಿ.

ಲೇಸರ್ ದಿನ

ತಲೆಗೆ ಸ್ನಾನ ಮಾಡಿ ಹೋಗಿ, ಮುಂದೆ ಕೆಲವು ದಿನ ಆಗುವುದಿಲ್ಲ. ಸೆಂಟ್, ಪೌಡರ್, ಕಾಡಿಗೆ ಯಾವುದೂ ಬೇಡ. ತಲೆಯ ಮೇಲಿಂದ ಎಳೆದು ತೆಗೆಯುವ ಬನಿಯನ್ ಬದಲು ಗುಂಡಿ ಇರುವ ಅಂಗಿ ಹಾಕಿಕೊಳ್ಳಿ.

ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ, ಇಂಜೆಕ್ಷನ್ ಇಲ್ಲ. ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್ ಇಡುತ್ತಾರೆ. ಕಣ್ಣು ಮಿಟುಕಿಸಿಬಿಟ್ಟರೆ ಎಂಬ ಭಯ ಅಲ್ಲಿಗೆ ಹೋಯಿತು. ಕಣ್ಣಿನ ಮೇಲೆ ಸಣ್ಣ ಉಂಗುರ ಇಟ್ಟು ಅದರಲ್ಲಿ ಔಷಧಿ ತುಂಬಿ, ಸ್ವಲ್ಪ ಹೊತ್ತಾದ ಮೇಲೆ ಮೇಲ್ಚರ್ಮ ಒರೆಸಿದರು. ಆಗ ಎಲ್ಲ ಮಸುಕು. "ಬೆಳಕನ್ನೇ ನೋಡ್ತಾ ಇರಿ" ಅಂದರು. ಟಕಟಕ ಸದ್ದು, ಒಂದು ಥರ ಕಮಟು ವಾಸನೆ. ಕಣ್ಣು ಅಲುಗಿದರೆ ಯಂತ್ರ ಹಿಂಬಾಲಿಸುತ್ತದೆ, ತುಂಬಾ ಸರಿದರೆ ತಾನೇ ನಿಲ್ಲುತ್ತದೆ.

ವಾಸನೆ ಬಂತೆಂದು ಕಣ್ಣು ಸುಟ್ಟಿತು ಅಂತ ಹೆದರಬೇಡಿ. 193 ನ್ಯಾನೋಮೀಟರಿನ ಈ ಎಕ್ಸೈಮರ್ ಲೇಸರ್ ಸುಡುವುದಿಲ್ಲ, ಅಣುಗಳ ಬೆಸುಗೆ ಬಿಡಿಸಿ ಆವಿ ಮಾಡುತ್ತದೆ. ಸುತ್ತಲಿನ ಜಾಗಕ್ಕೆ ಬಿಸಿ ತಾಗುವುದೇ ಇಲ್ಲ ಅನ್ನಬಹುದು. 1981ರಲ್ಲಿ ಅಮೆರಿಕದ ಐಬಿಎಂನಲ್ಲಿ ಇದನ್ನು ಕಂಡುಕೊಂಡವರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಮೊದಲು ಪರೀಕ್ಷೆ ಮಾಡಿದ್ದು ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ಮೇಲೆ!

ಕೊನೆಗೆ ಮಸುಕು ಕಟ್ಟದಂತೆ ಒಂದು ಔಷಧಿ ಅದ್ದಿದ ಸ್ಪಂಜು ಇಟ್ಟು, ತಣ್ಣನೆಯ ನೀರಿನಲ್ಲಿ ತೊಳೆದು, ಬ್ಯಾಂಡೇಜ್ ಲೆನ್ಸ್ ಹಾಕಿದರು. ಲೇಸಿಕ್ ಆದರೆ ಮಧ್ಯದಲ್ಲಿ ಕಣ್ಣನ್ನು ಒತ್ತಿ ಹಿಡಿದಾಗ ಕೆಲವು ಕ್ಷಣ ಪೂರ್ತಿ ಕತ್ತಲಾಗಬಹುದು. ಗಾಬರಿಯಾಗಬೇಡಿ, ಅದು ಮಾಮೂಲು.

ಮೊದಲ ವಾರ

ಅವತ್ತು ಸಂಜೆಯವರೆಗೆ "ಇಷ್ಟೇನಾ!" ಅನ್ನಿಸುತ್ತದೆ. ರಾತ್ರಿ ಶುರು. ಎರಡನೇ ದಿನ ಮೆಣಸಿನಕಾಯಿ ಕೊಯ್ದ ಕೈಯಲ್ಲಿ ಕಣ್ಣು ಉಜ್ಜಿಕೊಂಡ ಹಾಗೆ ಉರಿ. ನೀರು ಸುರಿಯುತ್ತದೆ, ಬಲ್ಬ್ ಬೆಳಕೂ ತಡೆಯುವುದಿಲ್ಲ. ಕಿಟಕಿಗೆ ದಪ್ಪ ಪರದೆ, ಹೊತ್ತಿಗೆ ಸರಿಯಾಗಿ ನೋವಿನ ಮಾತ್ರೆ, ಉಳಿದಂತೆ ನಿದ್ದೆ. ಮರಗಟ್ಟಿಸುವ ಡ್ರಾಪ್ಸ್ ಮನೆಗೂ ಕೊಡಿ ಅಂತ ಕೇಳಬೇಡಿ. ಅದು ಗಾಯ ಮಾಯುವುದನ್ನೇ ತಡೆಯುತ್ತದೆ. ಮೇಲ್ಚರ್ಮ ಮೂರರಿಂದ ಐದು ದಿನದಲ್ಲಿ ಕೂಡಿಕೊಂಡ ಮೇಲೆ ಬ್ಯಾಂಡೇಜ್ ಲೆನ್ಸ್ ತೆಗೆಯುತ್ತಾರೆ. ಮಧ್ಯೆ ಅದು ತಾನಾಗಿ ಬಿದ್ದರೆ ತೊಳೆದು ವಾಪಸ್ ಹಾಕಬೇಡಿ, ಆಸ್ಪತ್ರೆಗೆ ಫೋನ್ ಮಾಡಿ.

ಡ್ರಾಪ್ಸ್ ಮೂರು ಥರ: ಸೋಂಕು ತಡೆಯುವುದು, ಸ್ಟಿರಾಯ್ಡ್, ಕಣ್ಣು ತೇವ ಇಡುವುದು. ಒಂದಕ್ಕೂ ಇನ್ನೊಂದಕ್ಕೂ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೊದಲನೆಯದನ್ನು ಎರಡನೆಯದು ತೊಳೆದುಬಿಡುತ್ತದೆ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ನನ್ನ ಹೆಂಡತಿ ಹಳೆಯ ಚೆಕ್‌ರೋಲ್ ಹಾಳೆಯ ಮೇಲೆ ಹೆಸರುಗಳ ಜಾಗದಲ್ಲಿ ಡ್ರಾಪ್ಸ್, ತಾರೀಕಿನ ಜಾಗದಲ್ಲಿ ಗಂಟೆ ಬರೆದು, ಹಾಕಿದಾಗೆಲ್ಲ ಹಾಜರಿ ಹಾಕುತ್ತಿದ್ದಳು. ಮಲಗುವಾಗ ಕಣ್ಣಿಗೆ ಶೀಲ್ಡ್. ನಿದ್ದೆಗಣ್ಣಲ್ಲಿ ಕೈ ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೆ ಗೊತ್ತು?

ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಡಾಕ್ಟರೇ. ಒಬ್ಬರು ನಂದಿಬಟ್ಟಲು ಹೂವಿನ ರಸ, ಒಬ್ಬರು ಹರಳೆಣ್ಣೆ, ಇನ್ನೊಬ್ಬರು ಜೇನುತುಪ್ಪ. ಯಾವುದೂ ಬೇಡ. ಚೀಟಿಯಲ್ಲಿ ಬರೆದದ್ದು ಬಿಟ್ಟು ಕಣ್ಣಿಗೆ ನೀರೂ ಬೀಳಬಾರದು. ಬಚ್ಚಲ ಹಂಡೆ ಒಲೆಯ ಮುಂದೆ ಚಳಿ ಕಾಯಿಸುವುದೂ ಬೇಡ, ಹೊಗೆ. ತಲೆ ತೊಳೆಯಬಹುದು ಅಂತ ಡಾಕ್ಟರ್ ಹೇಳುವವರೆಗೆ ಕುತ್ತಿಗೆ ಕೆಳಗೆ ಮಾತ್ರ ಸ್ನಾನ. ಕೆರೆ, ಹೊಳೆಯಲ್ಲಿ ಈಜುವುದು ಒಂದು ತಿಂಗಳು ಇಲ್ಲ.

ನೋವು ಕಮ್ಮಿಯಾಗುತ್ತಾ ಬಂದು ಮತ್ತೆ ಏರಿದರೆ, ಕೀವು ಬಂದರೆ, ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ದೃಷ್ಟಿ ಇದ್ದಕ್ಕಿದ್ದಂತೆ ಮಂಜಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಆಮೇಲಿನ ತಿಂಗಳುಗಳು

ಲೇಸಿಕ್ ಮಾಡಿಸಿದ ನನ್ನ ನಾದಿನಿ ಮಾರನೇ ದಿನ ಟಿವಿ ನೋಡಿದಳು. ನನಗೆ ಮೊದಲ ವಾರಗಳಲ್ಲಿ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಕಾಣುತ್ತಿತ್ತು. ಚೆಕ್‌ರೋಲ್‌ನ ಸಣ್ಣ ಅಂಕಿಗಳು ಎರಡೆರಡಾಗಿ ಕಾಣುತ್ತಿದ್ದವು. ಪಿಆರ್‌ಕೆಯಲ್ಲಿ ಪೂರ್ತಿ ತಿಳಿಯಾಗಲು ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಎರಡನೇ ವಾರಕ್ಕೇ ದುಡ್ಡು ಹೋಯ್ತು ಅಂತ ಕೂರಬೇಡಿ.

ರಾತ್ರಿ ಎದುರಿನ ಗಾಡಿಯ ಲೈಟಿನ ಸುತ್ತ ಬಳೆ, ಕಡ್ಡಿ ಕಡ್ಡಿಯಾಗಿ ಬೆಳಕು ಕಾಣುತ್ತದೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಕಮ್ಮಿಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ನನಗೆ ಮಳೆಯ ರಾತ್ರಿ ಈಗಲೂ ತುಸು ಇದೆ. ರಾತ್ರಿ ಗಾಡಿ ಓಡಿಸಿ ಬದುಕುವವರು ಇದನ್ನು ಮೊದಲೇ ಯೋಚಿಸಬೇಕು. ಕಣ್ಣು ಒಣಗುವುದೂ ಆರು ತಿಂಗಳವರೆಗೆ ಇರಬಹುದು. ತೇವದ ಡ್ರಾಪ್ಸ್ ಜೇಬಿನಲ್ಲೇ ಇರಲಿ.

ಸ್ಟಿರಾಯ್ಡ್ ಡ್ರಾಪ್ಸ್ ವಿಷಯದಲ್ಲಿ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಪಿಆರ್‌ಕೆ ಆದವರಿಗೆ ಇದನ್ನು ವಾರಗಟ್ಟಲೆ, ಹಂತಹಂತವಾಗಿ ಕಮ್ಮಿ ಮಾಡುತ್ತಾ ಕೊಡುತ್ತಾರೆ. ಕೆಲವರಿಗೆ ಇದರಿಂದ ಕಣ್ಣಿನ ಒತ್ತಡ ಏರುತ್ತದೆ, ನೋವಿಲ್ಲದೆ ನರ ಹಾಳಾಗುತ್ತದೆ. ಅದಕ್ಕೇ ಮರುಪರೀಕ್ಷೆಯಲ್ಲಿ ಒತ್ತಡ ಅಳೆಯುವುದು. ಬಾಟಲಿ ಖಾಲಿಯಾಯಿತು ಅಂತ ಪೇಟೆಯ ಮೆಡಿಕಲ್ ಶಾಪಿನಲ್ಲಿ ಅದನ್ನೇ ಮತ್ತೆ ಕೊಳ್ಳಬೇಡಿ. ನಿಮಗೇ ತೋಚಿದಂತೆ ನಿಲ್ಲಿಸಲೂಬೇಡಿ.

ತೋಟಕ್ಕೆ ಇಳಿದ ಮೇಲೆ ಪಕ್ಕ ಮುಚ್ಚಿರುವ ಪ್ಲಾಸ್ಟಿಕ್ ಗಾಗಲ್ಸ್ ಹಾಕಿ. ಕನ್ನಡಕ ಬೇಡ ಅಂತ ಮಾಡಿಸಿ ಮತ್ತೆ ಗಾಗಲ್ಸಾ ಅಂತ ಆಳುಗಳು ನಕ್ಕರು. ಮರಗಸಿ, ಬೋರ್ಡೋ ಕೆಲಸದಲ್ಲಿ ನಾನು ಈಗಲೂ ತೆಗೆಯುವುದಿಲ್ಲ. ಬಿಸಿಲಿಗೆ ಅತಿನೇರಳೆ ತಡೆಯುವ ಕಪ್ಪು ಕನ್ನಡಕ.

ಪವರ್ ಹೋದರೂ ಕಣ್ಣಿನ ಉದ್ದ ಅಷ್ಟೇ ಇರುತ್ತದೆ, ರೆಟಿನಾದ ಅಪಾಯ ಹಾಗೇ ಇರುತ್ತದೆ. ವರ್ಷಕ್ಕೊಮ್ಮೆ ತೋರಿಸಿ. ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಒಂದು ಕಡೆಯಿಂದ ಪರದೆ ಇಳಿದಂತೆ ಕಂಡರೆ ಅವತ್ತೇ ಹೋಗಿ.

ಕಾಗದಪತ್ರ

ಲೇಸರ್‌ಗೆ ಮೊದಲಿನ ಪವರ್, ಕಾರ್ನಿಯಾದ ನಕ್ಷೆ, ದಪ್ಪ, ಎಷ್ಟು ಸವೆಸಿದರು, ಆಮೇಲಿನ ಪವರ್. ಇಷ್ಟನ್ನೂ ಆಸ್ಪತ್ರೆಯಿಂದ ಕೇಳಿ ಪಡೆದು ಇಟ್ಟುಕೊಳ್ಳಿ. ಅರವತ್ತರ ಮೇಲೆ ಕಣ್ಣಿಗೆ ಪೊರೆ ಬಂದಾಗ ಒಳಗೆ ಹಾಕುವ ಲೆನ್ಸಿನ ನಂಬರನ್ನು ಕಾರ್ನಿಯಾದ ಬಾಗು ನೋಡಿ ಲೆಕ್ಕ ಹಾಕುತ್ತಾರೆ. ಲೇಸರ್ ಆದ ಕಣ್ಣಿಗೆ ಮಾಮೂಲಿ ಲೆಕ್ಕ ಹಿಡಿಯುವುದಿಲ್ಲ. ಹಳೆಯ ಅಂಕಿಗಳಿದ್ದರೆ ಆಗಿನ ಡಾಕ್ಟರಿಗೆ ಕೆಲಸ ಸುಲಭ. ಅಷ್ಟು ಹೊತ್ತಿಗೆ ಆ ಆಸ್ಪತ್ರೆ ಅಲ್ಲೇ ಇರುತ್ತದೋ ಇಲ್ಲವೋ, ಮೊಬೈಲಿನ ಫೋಟೋ ಉಳಿದಿರುತ್ತದೋ ಇಲ್ಲವೋ. ನಾನು ಎರಡು ಪ್ರತಿ ಮಾಡಿಸಿ, ಒಂದನ್ನು ಪಹಣಿ, ಕ್ರಯಪತ್ರದ ಜೊತೆ ಟ್ರಂಕಿನಲ್ಲಿ ಇಟ್ಟಿದ್ದೇನೆ, ಇನ್ನೊಂದು ಚಿಕ್ಕಮ್ಮನ ಮನೆಯಲ್ಲಿದೆ.